ಅಳಿವೆ ಪಕ್ಕದ ಸುತ್ತು ನಡಿಗೆ: ಭರತದಲ್ಲಿ ಹೋಗಬೇಕಾ, ಇಳಿತದಲ್ಲಾ?

ಹೊಸಹಾದಿ:
ನಮಸ್ಕಾರ ಎಲ್ಲರಿಗೂ. ಬೆಟ್ಟ ಗುಡ್ಡ ನಡೆದು ಅಭ್ಯಾಸ ಇದೆ, ಆದರೆ ಸಮುದ್ರದ ನೀರು ದಿನಕ್ಕೆರಡು ಸಲ ಒಳಗೆ ಬಂದು ಹೋಗುವ ನದಿಯ, ಅಂದರೆ ಅಳಿವೆಯ, ಪಕ್ಕ ಒಮ್ಮೆಯೂ ನಡೆದಿಲ್ಲ. ಈಗ ಒಂದು ಸುತ್ತು ದಾರಿ ನೋಡಿಟ್ಟುಕೊಂಡಿದ್ದೇನೆ. ಒಟ್ಟು 14 ಕಿ.ಮೀ. ಮೊದಲ 6 ಕಿ.ಮೀ. ನದಿಯ ದಡದಲ್ಲೇ, ಆಮೇಲೆ ಒಂದು ಸೇತುವೆ, ಅಲ್ಲಿಂದ ಗುಡ್ಡ ಹತ್ತಿ ಕಾಡು, ಹೊಲ ದಾಟಿ 8 ಕಿ.ಮೀ. ವಾಪಸ್. ಏರು ಎಲ್ಲ ಸೇರಿ 300 ಮೀಟರ್ ಇರಬಹುದು. ನಾವು ನಾಲ್ಕು ಜನ: ನಾನು, ಒಬ್ಬ ಗೆಳೆಯ, 11 ವರ್ಷದ ಮಗಳು, 68ರ ಅಪ್ಪ.

ತೊಂದರೆ ಏನಂದರೆ ದಡದ ದಾರಿಯಲ್ಲಿ ಒಂದೂವರೆ ಕಿ.ಮೀ. ಏರಿಯ ಮೇಲಿಲ್ಲ, ಕೆಳಗೆ ಉಪ್ಪುಜವುಗಿನ ಅಂಚಿನಲ್ಲೇ ಹೋಗುತ್ತದೆ. "ದೊಡ್ಡ ಭರತದಲ್ಲಿ ನೀರು ಬರಬಹುದು" ಅಂತ ನಕ್ಷೆಯಲ್ಲೇ ಬರೆದಿದೆ. ನಾವು ಹೋಗುವ ಭಾನುವಾರ ಪಟ್ಟಿಯ ಪ್ರಕಾರ ಭರತ ಬೆಳಿಗ್ಗೆ 10:40ಕ್ಕೆ, 4.6 ಮೀಟರ್. ಇಳಿತ ಸಂಜೆ 4:50ಕ್ಕೆ, 0.7 ಮೀಟರ್. ಹುಣ್ಣಿಮೆ ಕಳೆದು ಎರಡನೇ ದಿನ. ಆ ಜವುಗಿನ ದಾರಿ ನಕ್ಷೆಯಲ್ಲಿ 3 ಮೀಟರ್ ಎತ್ತರದಲ್ಲಿದೆ. ಹಾಗಾದರೆ 10:40ಕ್ಕೆ ಅದರ ಮೇಲೆ ಒಂದೂವರೆ ಮೀಟರ್ ನೀರು ನಿಂತಿರುತ್ತದಾ? ಮಗಳು ಪೂರ್ತಿ ಮುಳುಗುವಷ್ಟು!

ಗೆಳೆಯ ಹೇಳುವುದು ಭರತದಲ್ಲೇ ಹೋಗಬೇಕು, ಆಗಲೇ ನದಿ ತುಂಬಿ ಚೆನ್ನಾಗಿರುತ್ತದೆ, ಇಳಿತದಲ್ಲಿ ಬರೀ ಕೆಸರು ಅಂತ. ಅಪ್ಪ ಇಳಿತದಲ್ಲೇ ಹೋಗೋಣ ಅಂತಾರೆ. ಮನೆಯಲ್ಲಿ ಎರಡು ಪಕ್ಷ ಆಗಿದೆ. ನೀವೇ ಹೇಳಿ.

ಬೆನ್ನಹಿಂದಿನನೀರು:
ಸುತ್ತನ್ನು ತಿರುಗಿಸಿ. ಗುಡ್ಡ ಮೊದಲು, ನದಿ ಆಮೇಲೆ. ನಿಮ್ಮ ಮನೆಯ ಎರಡು ಪಕ್ಷಗಳ ಜಗಳ ಅಲ್ಲೇ ಮುಗಿಯುತ್ತದೆ.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಅಳಿವೆಯ ತಗ್ಗು ಜಾಗದಲ್ಲಿ ನಾನು ಪಾಲಿಸುವುದು ಒಂದೇ ನಿಯಮ: ನೀರು ಇಳಿಯುತ್ತಿರುವಾಗ ಮಾತ್ರ ಕಾಲಿಡುವುದು. ಇಳಿಯುವಾಗ ಹೋದರೆ, ಯಾರದೋ ಕಾಲು ಉಳುಕಿತು, ದಾರಿ ತಪ್ಪಿತು, ಮಗು ಏಡಿ ನೋಡುತ್ತಾ ಕೂತಿತು, ಏನೇ ತಡ ಆದರೂ ಹೊತ್ತು ಹೋದಂತೆಲ್ಲ ಜಾಗ ಒಣಗುತ್ತಾ ಹೋಗುತ್ತದೆ. ಏರುವಾಗ ಹೋದರೆ ಪ್ರತಿ ನಿಮಿಷವೂ ನಿಮ್ಮ ವಿರುದ್ಧ. ತೀರಾ ಇಳಿತದ ಹೊತ್ತಿಗೆ ಸರಿಯಾಗಿ ಹೋಗುವುದೂ ನನಗೆ ಇಷ್ಟ ಇಲ್ಲ, ಯಾಕಂದರೆ ಅರ್ಧ ದಾರಿಯಲ್ಲಿ ನೀರು ತಿರುಗಿಬಿಡುತ್ತದೆ.

ಇನ್ನು ಆ 10:40. ಅದು ಯಾವ ಜಾಗದ ಪಟ್ಟಿ? ಸಾಮಾನ್ಯವಾಗಿ ಪಟ್ಟಿ ಇರುವುದು ನದಿ ಬಾಯಿಯ ಬಂದರಿಗೆ. ಭರತ ಅನ್ನುವುದು ಒಂದು ಉದ್ದನೆಯ ಅಲೆ, ಅದು ನದಿಯೊಳಗೆ ನಡೆದು ಬರಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಎಷ್ಟು ಹೊತ್ತು ಅನ್ನುವುದು ನದಿಯ ಆಳ, ಅಗಲ, ತಿರುವಿನ ಮೇಲೆ. ಕೆಲವು ಕಡೆ ಕಾಲು ಗಂಟೆ, ಕೆಲವು ಕಡೆ ಒಂದು ಗಂಟೆಗಿಂತ ಜಾಸ್ತಿ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಪಟ್ಟಿಯಲ್ಲಿ ಭರತ 9:15 ಅಂತ ನೋಡಿ, 9:40ಕ್ಕೆ ಇನ್ನೇನು ಇಳಿಯುತ್ತಿದೆ ಅಂದುಕೊಂಡು ಜವುಗಿಗೆ ಇಳಿದವಳು ನಾನು. ಅಲ್ಲಿ ನೀರು ಇನ್ನೂ ಏರುತ್ತಿತ್ತು. ಎದುರಿಗೆ ನದಿ ಶಾಂತವಾಗಿಯೇ ಇತ್ತು, ದಡದಿಂದ ಒಂದಡಿ ಕೆಳಗೆ. ಹಿಂದೆ ತಿರುಗಿ ನೋಡಿದರೆ ಐದು ನಿಮಿಷದ ಹಿಂದೆ ಒಂದೇ ಹೆಜ್ಜೆಯಲ್ಲಿ ದಾಟಿದ ಕೊರಕಲು ತುಂಬಿ, ಅದರ ಕವಲುಗಳೂ ತುಂಬಿ, ಬಂದ ದಾರಿಯೇ ಇರಲಿಲ್ಲ. ಜವುಗಿನಲ್ಲಿ ನೀರು ಮುಂದಿನಿಂದ ಬರುವುದಿಲ್ಲ, ಮೊದಲು ಕೊರಕಲುಗಳಲ್ಲಿ ನುಗ್ಗಿ ಬೆನ್ನ ಹಿಂದಿನಿಂದ ಬರುತ್ತದೆ. ಒಂದು ದಿಬ್ಬ ಸಿಕ್ಕಿತು. ಅದರ ಮೇಲೆ ಹನ್ನೆರಡು ಗಂಟೆ ದಾಟುವ ತನಕ ನಿಂತೆ. ಪ್ರಾಣಕ್ಕೆ ಏನೂ ಆಗಲಿಲ್ಲ, ಮರ್ಯಾದೆ ಮಾತ್ರ ಹೋಯಿತು, ಎದುರು ದಡದ ಏರಿಯಲ್ಲಿ ಜನ ಕೂತು ನೋಡುತ್ತಿದ್ದರು.

ಹಾಗಾಗಿ ನಿಮ್ಮ ಭಾನುವಾರ ಹೀಗಿರಲಿ. 8:30ಕ್ಕೆ ಹೊರಟು ಗುಡ್ಡದ ಕಡೆ ಹೋಗಿ. ಹನ್ನೊಂದರ ಸುಮಾರಿಗೆ ಮೇಲಿರುತ್ತೀರಿ, ಆಗ ಕೆಳಗೆ ನದಿ ಅಂಚಿನ ತನಕ ತುಂಬಿರುತ್ತದೆ, ಗೆಳೆಯರಿಗೆ ಅದನ್ನು ತೋರಿಸಿ. ಹನ್ನೆರಡೂವರೆ ಹೊತ್ತಿಗೆ ಸೇತುವೆ. ಅಲ್ಲಿ ಊಟ, ಅಪ್ಪನಿಗೆ ವಿಶ್ರಾಂತಿ. ಎರಡು ಗಂಟೆಗೆ ಮುಂಚೆ ಜವುಗಿಗೆ ಇಳಿಯಬೇಡಿ. ಆಮೇಲೆ 6 ಕಿ.ಮೀ. ಆರಾಮಾಗಿ ನಡೆದರೂ ನಾಲ್ಕೂವರೆಗೆ ಮುಗಿಯುತ್ತದೆ, ಅಲ್ಲಿಯ ತನಕವೂ ನೀರು ಇಳಿಯುತ್ತಲೇ ಇರುತ್ತದೆ. ಸೂರ್ಯ ಎಷ್ಟಕ್ಕೆ ಮುಳುಗುತ್ತಾನೆ ಅಂತ ಮಾತ್ರ ಒಮ್ಮೆ ನೋಡಿಕೊಳ್ಳಿ.

ಸೊನ್ನೆಎಲ್ಲಿದೆ:
ಮೇಲಿನ ಉತ್ತರ ಸರಿ ಇದೆ. ನಾನು ಆ 3 ಮೀಟರ್, 4.6 ಮೀಟರ್ ಬಗ್ಗೆ ಮಾತ್ರ ಹೇಳುತ್ತೇನೆ, ಈ ತಪ್ಪು ತುಂಬಾ ಜನ ಮಾಡುತ್ತಾರೆ.

ಎರಡೂ ಮೀಟರೇ, ಆದರೆ ಸೊನ್ನೆ ಬೇರೆ ಬೇರೆ. ನೆಲದ ನಕ್ಷೆ ಎತ್ತರ ಅಳೆಯುವುದು ಸಮುದ್ರದ ಸರಾಸರಿ ಮಟ್ಟದಿಂದ. ಭರತದ ಪಟ್ಟಿ ಅಳೆಯುವುದು ಹೆಚ್ಚುಕಡಿಮೆ ಅತಿ ತಗ್ಗಿನ ಇಳಿತದ ಮಟ್ಟದಿಂದ, ಯಾಕಂದರೆ ಅದನ್ನು ಮಾಡಿದ್ದು ಹಡಗಿನವರಿಗೆ, ಅವರಿಗೆ ಬೇಕಾದದ್ದು ತಳ ತಾಗದ ಹಾಗೆ ಕನಿಷ್ಠ ಎಷ್ಟು ನೀರಿದೆ ಅನ್ನುವುದು. ನಿಮ್ಮ 4.6 ಮತ್ತು 0.7ರ ನಡುಮಧ್ಯ 2.65. ಅದನ್ನೇ ಸರಾಸರಿ ಮಟ್ಟ ಅಂದುಕೊಂಡರೆ ಭರತದ ನೀರು ನಕ್ಷೆಯ ಲೆಕ್ಕದಲ್ಲಿ ಸುಮಾರು 2 ಮೀಟರ್. ಅಂದರೆ ಕಾಗದದ ಮೇಲೆ ನಿಮ್ಮ ದಾರಿ ಒಂದು ಮೀಟರ್ ಮೇಲೇ ಇದೆ. ಮಗಳು ಮುಳುಗುವುದಿಲ್ಲ.

ಆದರೂ ನಕ್ಷೆ "ನೀರು ಬರಬಹುದು" ಅಂದರೆ ನಕ್ಷೆಯನ್ನೇ ನಂಬಿ, ನನ್ನ ಲೆಕ್ಕವನ್ನಲ್ಲ. ಯಾಕಂದರೆ ಪಟ್ಟಿಯಲ್ಲಿ ಬರುವುದು ಚಂದ್ರ, ಸೂರ್ಯರ ಲೆಕ್ಕ ಮಾತ್ರ. ಗಾಳಿ, ಮಳೆ ಅದರಲ್ಲಿಲ್ಲ. ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಒಳ್ಳೆ ಬಿರುಗಾಳಿ ಇದ್ದು ಒತ್ತಡ 1013ರಿಂದ 983ಕ್ಕೆ ಬಿತ್ತು ಅನ್ನಿ, ಅಷ್ಟಕ್ಕೇ 30 ಸೆಂ.ಮೀ. ಜಾಸ್ತಿ. ಅದರ ಮೇಲೆ ಗಾಳಿ ಸಮುದ್ರದಿಂದ ನದಿಯೊಳಕ್ಕೆ ಬೀಸುತ್ತಿದ್ದರೆ ನೀರನ್ನು ಇನ್ನೂ ಒಳಗೆ ತಳ್ಳುತ್ತದೆ. ಮೇಲುಗಡೆ ಜೋರು ಮಳೆಯಾಗಿ ನದಿಯೇ ತುಂಬಿ ಬರುತ್ತಿದ್ದರೆ ಮುಗಿಯಿತು. ನದಿ ಬಾಯಿ ಆಲಿಕೆಯ ಹಾಗೆ ಅಗಲವಾಗಿದ್ದು ಒಳಗೆ ಕಿರಿದಾಗುತ್ತಾ ಹೋದರೆ ಅದೇ ನೀರು ಇಕ್ಕಟ್ಟಿಗೆ ಸಿಕ್ಕಿ ಇನ್ನೂ ಎತ್ತರ ಏರುತ್ತದೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಭರತ ಇಳಿತದ ನಡುವೆ 16 ಮೀಟರ್ ತನಕ ವ್ಯತ್ಯಾಸ ಬರುವುದಕ್ಕೆ ಈ ಆಕಾರವೂ ಒಂದು ಕಾರಣ.

ಎಷ್ಟು ವೇಗವಾಗಿ ಏರಿಳಿಯುತ್ತದೆ ಅನ್ನುವುದಕ್ಕೆ ಒಂದು ಅಂದಾಜು ಲೆಕ್ಕ ಇದೆ. ಒಟ್ಟು ವ್ಯತ್ಯಾಸವನ್ನು ಹನ್ನೆರಡು ಪಾಲು ಮಾಡಿ. ಆರು ಗಂಟೆಗಳಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು. ನಿಮ್ಮದು 3.9 ಮೀಟರ್, ಹಾಗಾಗಿ ಮೊದಲ ಎರಡು ಗಂಟೆಯಲ್ಲಿ ಇಳಿಯುವುದು ಒಟ್ಟು ಒಂದು ಮೀಟರ್ ಹತ್ತಿರ, ನಡುವಿನ ಎರಡು ಗಂಟೆಯಲ್ಲಿ ಗಂಟೆಗೊಂದು ಮೀಟರ್. ಅದಕ್ಕೇ "ಭರತ ಕಳೆದು ಎರಡು ಗಂಟೆಯಾದರೂ ಕಾಯಿರಿ" ಅನ್ನುವ ಮಾತು. ಆದರೆ ಇದು ಬಯಲು ಕರಾವಳಿಯ ಲೆಕ್ಕ. ನದಿಯೊಳಗೆ ಹೋದಂತೆ ಏರುವ ಹೊತ್ತು ಕಡಿಮೆಯಾಗಿ ಇಳಿಯುವ ಹೊತ್ತು ಉದ್ದವಾಗುತ್ತದೆ, ಯಾಕಂದರೆ ಆಳದ ನೀರಿನಲ್ಲಿ ಅಲೆ ಬೇಗ ಓಡುತ್ತದೆ, ನೀರು ಕಡಿಮೆ ಇದ್ದಾಗ ತಳಕ್ಕೆ ಉಜ್ಜಿಕೊಂಡು ನಿಧಾನ ಆಗುತ್ತದೆ. ಅಂದರೆ ಒಳಗೆ ನೀರು ಬರುವುದು ಓಡಿಕೊಂಡು, ಹೋಗುವುದು ಕುಂಟಿಕೊಂಡು.

ಇನ್ನೊಂದು ಸಣ್ಣ ವಿಷಯ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶವಾದರೆ, ಕೆಲವು ಪಟ್ಟಿಗಳಲ್ಲಿ ಆ ಗಂಟೆ ಸೇರಿಸಿರುವುದಿಲ್ಲ. ಪಟ್ಟಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಯಾರೂ ಓದುವುದಿಲ್ಲ.

ಗೊರವನಗೆಳೆಯ:
ಎಲ್ಲರೂ ಇಳಿತ ಇಳಿತ ಅಂತಿದ್ದೀರಲ್ಲ, ಹಕ್ಕಿಗಳ ಕಥೆ ಏನು? ಇಳಿತದಲ್ಲಿ ಹೋದರೆ ಅವು ಕೆಸರು ಬಯಲಿನ ಆಚೆ ತುದಿಯಲ್ಲಿ ಸಾಸಿವೆ ಕಾಳಿನ ಹಾಗೆ ಕಾಣುತ್ತವೆ. ನೋಡಬೇಕಾದದ್ದು ಭರತಕ್ಕೆ ಒಂದೆರಡು ಗಂಟೆ ಮುಂಚೆ. ಆಗ ನೀರು ಅವುಗಳನ್ನು ಸ್ವಲ್ಪ ಸ್ವಲ್ಪವೇ ದಡದ ಕಡೆ ತಳ್ಳಿಕೊಂಡು ಬರುತ್ತದೆ. ಗೊರವಗಳು, ಕರ್ಲ್ಯೂಗಳು, ಗಾಡ್‌ವಿಟ್‌ಗಳು ಸಾಲಾಗಿ ನಡೆದುಕೊಂಡು, ತಿನ್ನುತ್ತಾ ತಿನ್ನುತ್ತಾ ನಿಮ್ಮ ಹತ್ತಿರ ಬರುತ್ತವೆ. ಒಬ್ಬೊಬ್ಬರ ಕೊಕ್ಕು ಒಂದೊಂದು ಉದ್ದ, ಒಂದೊಂದು ಆಳದ ಹುಳ. ಯಾರ ಪಾಲಿಗೂ ಯಾರೂ ಹೋಗುವುದಿಲ್ಲ. ಇದನ್ನು ಬಿಟ್ಟು ಗುಡ್ಡ ಹತ್ತಿ ಏನು ನೋಡುತ್ತೀರಿ?

ನನ್ನ ಸಲಹೆ: 8:30ಕ್ಕೆ ಹೊರಟವರು ಮೊದಲು ಅರ್ಧ ಗಂಟೆ ಏರಿಯ ಮೇಲೆ, ಊರಿನ ಪಕ್ಕದಲ್ಲೇ, ಕೂತು ನೋಡಿ. ಏರಿಯ ಮೇಲೆ ಅಂದೆ, ಜವುಗಿನಲ್ಲಿ ಅಲ್ಲ. ಆಮೇಲೆ ಗುಡ್ಡಕ್ಕೆ ಹೋಗಿ.

ಭರತದ ಹೊತ್ತಿಗೆ ಅವೆಲ್ಲ ಒಂದು ಎತ್ತರದ ಜಾಗದಲ್ಲಿ ಒತ್ತೊತ್ತಾಗಿ ಒಂಟಿ ಕಾಲಿನಲ್ಲಿ ನಿಂತು ನಿದ್ದೆ ಮಾಡುತ್ತವೆ. ಆ ಗುಂಪಿನ ಹತ್ತಿರ ಹೋಗಬೇಡಿ. ನಾಯಿ ಇದ್ದರೆ ಹಗ್ಗದಲ್ಲಿರಲಿ. ಒಂದು ಸಲ ಎದ್ದು ಹಾರಿದರೆ ಏನು ಮಹಾ ಅನ್ನಿಸಬಹುದು. 2022ರಲ್ಲಿ ಐದು ತಿಂಗಳ ಒಂದು ಗಾಡ್‌ವಿಟ್ ಮರಿ ಅಲಾಸ್ಕಾದಿಂದ ಟಾಸ್ಮೇನಿಯಾ ತನಕ 13,560 ಕಿ.ಮೀ. ನಿಲ್ಲದೆ, ತಿನ್ನದೆ, 11 ದಿನ ಹಾರಿತು. ಅಷ್ಟಕ್ಕೂ ಬೇಕಾದ ಕೊಬ್ಬು ಇಂಥ ಕೆಸರಿನಿಂದಲೇ ಬರುವುದು. ನೀವು ಫೋಟೋಗೆ ಅಂತ ಎಬ್ಬಿಸಿದಾಗ ಖರ್ಚಾಗುವುದೂ ಅದೇ.

ಬೆನ್ನಹಿಂದಿನನೀರು:
ಅರ್ಧ ಗಂಟೆ ಒಪ್ಪಿದೆ. ಆದರೆ ಹಕ್ಕಿ ನೋಡುವವರ ಅರ್ಧ ಗಂಟೆ ಎಷ್ಟು ಉದ್ದ ಅಂತ ನನಗೆ ಗೊತ್ತು. ಎಂಟಕ್ಕೇ ಹೊರಡಿ.

ಒಂದುಶೂಕಳಕೊಂಡವ:
ಕೆಸರಿನ ಬಗ್ಗೆ ಯಾರೂ ಹೇಳಲಿಲ್ಲ, ನನ್ನ ಹೆಸರು ನೋಡಿದರೆ ಅರ್ಥ ಆಗುತ್ತದೆ.

ಅಳಿವೆಯ ಕೆಸರು ಹೊಲದ ಕೆಸರಲ್ಲ. ನದಿ ತರುವ ಜೇಡಿಯ ಕಣ ತೀರಾ ಸಣ್ಣದು, ಸಿಹಿನೀರಿನಲ್ಲಿ ತೇಲುತ್ತಲೇ ಇರುತ್ತದೆ. ಉಪ್ಪುನೀರು ತಾಗಿದ ಕೂಡಲೇ ಕಣಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳಕ್ಕೆ ಕೂರುತ್ತವೆ. ಅಳಿವೆಯಲ್ಲೇ ಇಷ್ಟು ಕೆಸರು ಇರುವುದಕ್ಕೆ ಅದೂ ಒಂದು ಕಾರಣ. ಮೇಲೆ ನೋಡಿದರೆ ನಯ, ಹೊಳಪು, ಕಾಲಿಟ್ಟರೆ ಮೊಣಕಾಲಿನ ತನಕ. ಮರಳಿನ ಮೇಲೆ ಅಲೆ ಅಲೆ ಗೆರೆ ಇದ್ದರೆ ಸಾಮಾನ್ಯವಾಗಿ ಗಟ್ಟಿ. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೇಡ. ಅಡ್ಡದಾರಿ ಅಂತೂ ಬೇಡವೇ ಬೇಡ. ಎದುರಿಗೇ ನೂರು ಮೀಟರ್ ದೂರದಲ್ಲಿ ದಾರಿ ಕಾಣುತ್ತಿರುತ್ತದೆ, ನಡುವೆ ಒಂದು ಕೊರಕಲು ಮಾತ್ರ, ಸುತ್ತಿ ಬಂದರೆ ಒಂದು ಕಿ.ಮೀ. ಆ ಒಂದು ಕಿ.ಮೀ. ನಡೆಯಿರಿ. ನಾನು ನಡೆಯಲಿಲ್ಲ.

ಸಿಕ್ಕಿಕೊಂಡರೆ ಜೋರಾಗಿ ಕಾಲು ಎಳೆಯಬೇಡಿ. ಒಂದು ಕಾಲು ಎಳೆಯಲು ಇನ್ನೊಂದನ್ನು ಒತ್ತುತ್ತೀರಿ, ಅದು ಇನ್ನೂ ಒಳಗೆ ಹೋಗುತ್ತದೆ. ಬ್ಯಾಗ್ ಬಿಸಾಡಿ, ಹಿಂದಕ್ಕೆ ಒರಗಿ ಕೂತುಬಿಡಿ, ಭಾರ ಹಂಚಿಹೋಗಲಿ. ಕಾಲನ್ನು ಸಣ್ಣದಾಗಿ ಅಲ್ಲಾಡಿಸಿದರೆ ಸುತ್ತ ನೀರು ಸೇರಿ ಕೆಸರು ಸಡಿಲ ಆಗುತ್ತದೆ. ಆಮೇಲೆ ತೆವಳಿಕೊಂಡು ಬಂದ ಕಡೆಗೇ ವಾಪಸ್. ನಾಚಿಕೆ ಎಲ್ಲ ಆಮೇಲೆ. ಜೊತೆಯವರು ಹತ್ತಿರ ಓಡಿ ಬರಬಾರದು, ಕೋಲೋ ಹಗ್ಗವೋ ಚಾಚಬೇಕು. ಹೊರಗೆ ಬರಲು ಆಗದಿದ್ದರೆ ತಡ ಮಾಡದೆ ತುರ್ತು ಸಹಾಯಕ್ಕೆ ಫೋನ್ ಮಾಡಬೇಕು, ನೀರು ವಾಪಸ್ ಬರುವುದಕ್ಕೆ ಹೊತ್ತು ಗೊತ್ತಲ್ಲ.

ಗಮ್‌ಬೂಟ್ ಬೇಡ, ಅದು ಕೆಸರಲ್ಲೇ ಉಳಿದು ನೀವು ಮಾತ್ರ ಹೊರಗೆ ಬರುತ್ತೀರಿ. ಬಿಗಿಯಾಗಿ ಲೇಸ್ ಕಟ್ಟುವ ಶೂ ಇರಲಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ, ಚರಂಡಿ ಅಲ್ಲ, ಕೆಸರಿನೊಳಗೆ ಗಾಳಿ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳ ಕೆಲಸ.

ಸುಮ್ನೆನಡೆ:
ಒಂದು ನಡಿಗೆಗೆ ಇಷ್ಟೆಲ್ಲಾ ಲೆಕ್ಕ ಬೇಕಾ ಅಂತ! ನಾನು ನೋಡುವುದು ಒಂದೇ. ದಡದಲ್ಲಿ ಒಣಗಿದ ಕಡ್ಡಿ, ಹುಲ್ಲು, ಪ್ಲಾಸ್ಟಿಕ್ ಬಾಟಲಿಯ ಒಂದು ಗೆರೆ ಇರುತ್ತದಲ್ಲ, ಅದು ಈಚೆಗೆ ನೀರು ಎಲ್ಲಿಯ ತನಕ ಬಂದಿತ್ತು ಅನ್ನುವ ಗುರುತು. ಆ ಗೆರೆ ದಾರಿಗಿಂತ ಕೆಳಗಿದ್ದರೆ ಹೋಗುತ್ತೇನೆ, ಮೇಲಿದ್ದರೆ ವಾಪಸ್ ಬರುತ್ತೇನೆ. ಆಪ್ ಬೇಡ, ಬ್ಯಾಟರಿ ಬೇಡ.

ಸೊನ್ನೆಎಲ್ಲಿದೆ:
ಗುರುತು ಒಳ್ಳೆಯದೇ, ನಾನೂ ನೋಡುತ್ತೇನೆ. ಆದರೆ ಅದು ಹೇಳುವುದು ಹೋದ ಸಲದ ಭರತ. ಅಷ್ಟಮಿ ಕಳೆದ ಮೇಲೆ ಪ್ರತಿ ಭರತವೂ ಹಿಂದಿನದಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ, ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಒಂದೆರಡು ದಿನದ ತನಕ. ಆ ವಾರದಲ್ಲಿ ನಿನ್ನೆಯ ಗೆರೆ ನಂಬಿದರೆ ಇವತ್ತು ಕಾಲು ಒದ್ದೆ. ಮಾರ್ಚ್, ಸೆಪ್ಟೆಂಬರ್ ಹೊತ್ತಿನ ಭರತ ವರ್ಷದಲ್ಲೇ ದೊಡ್ಡದು, ಅದು ಗೆರೆಯನ್ನೇ ಹೊತ್ತುಕೊಂಡು ಹೋಗುತ್ತದೆ.

ಹೊಸಹಾದಿ:
ಅಯ್ಯೋ, ಒಂದು ಪ್ರಶ್ನೆ ಕೇಳಿದರೆ ಒಂದು ಪಾಠವೇ ಸಿಕ್ಕಿತು, ಎಲ್ಲರಿಗೂ ಥ್ಯಾಂಕ್ಸ್. ಒಂದು ಅನುಮಾನ ಉಳಿದಿದೆ. ಅಷ್ಟಮಿ ಹೊತ್ತಿಗೆ ಭರತ ಸಣ್ಣದು ಅಂದಿರಿ. ಹಾಗಾದರೆ ಒಂದು ವಾರ ಮುಂದೆ ಹಾಕಿ ಮುಂದಿನ ಭಾನುವಾರ ಹೋದರೆ, ಜವುಗಿಗೆ ನೀರೇ ಬರದಿದ್ದರೆ, ಯಾವ ಹೊತ್ತಿಗೆ ಯಾವ ಕಡೆಯಿಂದ ಬೇಕಾದರೂ ನಡೆಯಬಹುದಲ್ವಾ?

ಬೆನ್ನಹಿಂದಿನನೀರು:
ನಡೆಯಬಹುದು, ಹೆಚ್ಚಿನ ಕಡೆ ದಾರಿ ಒಣಗಿಯೇ ಇರುತ್ತದೆ. ಆದರೆ ಒಂದು ಗಮನಿಸಿ. ಭರತ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ, ಯಾಕಂದರೆ ಭೂಮಿ ಒಂದು ಸುತ್ತು ಬರುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರುತ್ತಾನೆ. ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಹಾಗಾಗಿ ಮುಂದಿನ ಭಾನುವಾರ ನಿಮಗೆ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಇಳಿತ, ಸಂಜೆ ನಾಲ್ಕೂವರೆ ಸುಮಾರಿಗೆ ಭರತ. ಪೂರ್ತಿ ಉಲ್ಟಾ. ಮಧ್ಯಾಹ್ನ ಎರಡಕ್ಕೆ ಜವುಗಿಗೆ ಇಳಿದರೆ ನೀರು ಏರುತ್ತಿರುತ್ತದೆ, ಆಗ ನಿಮ್ಮ ಮೊದಲಿನ ದಿಕ್ಕೇ ಸರಿ, ನದಿ ಮೊದಲು. ದಿನ ಬದಲಾದರೆ ಸುತ್ತಿನ ದಿಕ್ಕೂ ಬದಲಾಗಬೇಕು. ಇನ್ನೊಂದು ಮಜಾ: ಒಂದೇ ಜಾಗದಲ್ಲಿ ದೊಡ್ಡ ಭರತಗಳು ಯಾವಾಗಲೂ ಹೆಚ್ಚುಕಡಿಮೆ ಒಂದೇ ಗಂಟೆಗೆ ಬರುತ್ತವೆ. ನಿಮ್ಮ ನದಿಗೆ ಅದು ಹತ್ತೂವರೆ ಹನ್ನೊಂದು. ಒಮ್ಮೆ ಗೊತ್ತಾದರೆ ಹುಣ್ಣಿಮೆ ನೋಡಿಯೇ ಹೇಳಬಹುದು.

ನಾನಾದರೆ ಈ ಭಾನುವಾರವೇ ಹೋಗುತ್ತಿದ್ದೆ. ಸಣ್ಣ ಭರತದಲ್ಲಿ ನದಿ ಪೂರ್ತಿ ತುಂಬುವುದೂ ಇಲ್ಲ, ಪೂರ್ತಿ ಬರಿದಾಗುವುದೂ ಇಲ್ಲ.

ಹೊಸಹಾದಿ:
ಹೋಗಿ ಬಂದೆವು. ಈ ಭಾನುವಾರವೇ. ಗುಡ್ಡ ಮೊದಲು.

ಎಂಟಕ್ಕೆ ಏರಿಯ ಮೇಲೆ ಕೂತೆವು, ಹಕ್ಕಿ ನೋಡಿದ್ದು ಅರ್ಧ ಗಂಟೆಯಲ್ಲ, ಮುಕ್ಕಾಲು. ಏಳಿಸಲು ಕಷ್ಟ ಆದದ್ದು ಮಗಳನ್ನಲ್ಲ, ಅಪ್ಪನನ್ನು. ಗುಡ್ಡದ ಮೇಲೆ 11:10ಕ್ಕೆ ಇದ್ದೆವು, ಪಟ್ಟಿಯ ಪ್ರಕಾರ ಅರ್ಧ ಗಂಟೆ ಹಿಂದೆಯೇ ನೀರು ತಿರುಗಿರಬೇಕಿತ್ತು, ಆದರೆ ಕೆಳಗೆ ಮರದ ತುಂಡೊಂದು ಇನ್ನೂ ಒಳಗಿನ ಕಡೆಗೇ ತೇಲಿ ಹೋಗುತ್ತಿತ್ತು. ಜವುಗು ಪೂರ್ತಿ ನೀರಿನಡಿ ಇತ್ತು, ಹುಲ್ಲಿನ ತುದಿ ಮಾತ್ರ ಮೇಲೆ. ನಮ್ಮ ದಾರಿ ಎಲ್ಲಿತ್ತು ಅಂತ ನಕ್ಷೆ ಹಿಡಿದು ಹುಡುಕಬೇಕಾಯಿತು. ಗೆಳೆಯ ಸುಮಾರು ಹೊತ್ತು ಏನೂ ಮಾತಾಡಲಿಲ್ಲ.

ಜವುಗಿಗೆ ಇಳಿದದ್ದು 2:15ಕ್ಕೆ. ಹುಲ್ಲೆಲ್ಲ ಒಂದೇ ಕಡೆಗೆ ಮಲಗಿತ್ತು, ಬೂದು ಮಣ್ಣಿನ ತೆಳು ಪದರ. ಒಂದು ಕೊರಕಲಿಗೆ ಹಲಗೆಯ ಸೇತುವೆ ಇದೆ, ಅದರ ಕೈಹಿಡಿಯ ಕಂಬದ ಮೇಲೆ ಹಸಿ ಪಾಚಿ ಕಡ್ಡಿ ಸಿಕ್ಕಿಕೊಂಡಿತ್ತು. ಮಗಳು ಪಕ್ಕ ನಿಂತು ಅಳೆದಳು, ಅವಳ ಸೊಂಟಕ್ಕೆ ಬಂತು. ಹಲಗೆ ಜಾರುತ್ತಿತ್ತು, ನಾನೇ ಬಿದ್ದೆ. ಬೇರೆ ಯಾರೂ ಅಲ್ಲ, ಎಲ್ಲರಿಗೂ ಎಚ್ಚರಿಕೆ ಹೇಳಿಕೊಂಡು ಮುಂದೆ ಹೋಗುತ್ತಿದ್ದವನೇ.

ಆ ಬೂದು ಕೆಸರು ಪ್ಯಾಂಟಿನಿಂದ ಹೋಗುವುದು ಹೇಗೆ? ಎರಡು ಸಲ ಒಗೆದಾಯಿತು.

ಒಂದುಶೂಕಳಕೊಂಡವ:
ಒದ್ದೆ ಇರುವಾಗ ಉಜ್ಜಿದರೆ ನೂಲಿನ ಒಳಗೆ ಹೋಗಿ ಕೂರುತ್ತದೆ. ಪೂರ್ತಿ ಒಣಗಲು ಬಿಡಬೇಕಿತ್ತು, ಬ್ರಷ್‌ನಲ್ಲಿ ಉದುರಿಸಿ ಆಮೇಲೆ ಒಗೆಯುವುದು. ಈಗ ರಾತ್ರಿಯಿಡೀ ಸೋಪಿನ ನೀರಿನಲ್ಲಿ ನೆನೆಹಾಕಿ ನೋಡಿ. ಹೋಗದಿದ್ದರೆ ಅದೇ ಇನ್ನು ನಿಮ್ಮ ಅಳಿವೆ ಪ್ಯಾಂಟು.